ಗೊಂಬೆ ಕಟ್ಟಿ ಕುಣಿಸುವವರಿಗೆ



ಸೂತ್ರದ ಗೊಂಬೆಯನ್ನು ತಾವೇ ಮಾಡಿ ತಾವೇ ಆಡಿಸಬೇಕೆಂಬ ಆಸೆ ಹಲವರಿಗಿದೆ. ಶಾಲೆಯ ಮೇಷ್ಟ್ರುಗಳು, ನಾಟಕದ ತಂಡದ ಹುಡುಗರು, ನಿವೃತ್ತರಾದ ಮೇಲೆ ಕೈಗೊಂದು ಕೆಲಸ ಬೇಕೆನ್ನುವವರು, ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಿಯರು, ಹೀಗೆ ಎಲ್ಲ ಬಗೆಯವರೂ ಗೊಂಬೆಯಾಟದ ಶಿಬಿರಗಳಿಗೆ ಬರುತ್ತಾರೆ. ಯಾವ ಮರ ತರಬೇಕು, ಎಷ್ಟು ದಾರ ಕಟ್ಟಬೇಕು, ಬಣ್ಣ ಯಾವುದು ಎಂದು ಕೇಳುತ್ತಾರೆ. ಅವಕ್ಕೆಲ್ಲ ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಅದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತ ಹೋಗುತ್ತದೆ.

ದಾರ ಎಳೆದರೆ ಗೊಂಬೆ ಕುಣಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಸ್ವಲ್ಪ ಯೋಚಿಸಿ ನೋಡಿ. ದಾರಕ್ಕೆ ಬರುವ ಕೆಲಸ ಒಂದೇ, ಮೇಲೆತ್ತುವುದು. ಎತ್ತಿದ ಕೈ ಕೆಳಗಿಳಿಯಬೇಕು, ಮಡಚಿದ ಕಾಲು ನೆಟ್ಟಗಾಗಬೇಕು, ತಿರುಗಿದ ಮೈ ಹಿಂದಕ್ಕೆ ಬರಬೇಕು, ಕೊನೆಗೆ ಗೊಂಬೆ ನೆಲದ ಮೇಲೆ ನಿಲ್ಲಬೇಕು. ಇವೆಲ್ಲ ತೂಕದ ಕೆಲಸ. ಗೊಂಬೆಯ ಅರ್ಧ ನಟನೆಯನ್ನು ಭೂಮಿಯೇ ಮಾಡುತ್ತದೆ. ಆಡಿಸುವವನು ಎತ್ತುತ್ತಾನೆ, ಬಿಡುತ್ತಾನೆ. ಎಷ್ಟು ಎತ್ತಬೇಕು, ಯಾವಾಗ ಬಿಡಬೇಕು ಎನ್ನುವುದೇ ಈ ವಿದ್ಯೆ.

ಜರ್ಮನಿಯ ಲೇಖಕ ಹೈನ್ರಿಶ್ ಫಾನ್ ಕ್ಲೈಸ್ಟ್ 1810ರಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಸೂತ್ರದ ಗೊಂಬೆಗಳ ಬಗ್ಗೆ ಒಂದು ಸಣ್ಣ ಪ್ರಬಂಧ ಬರೆದ. ಅದರಲ್ಲಿ ಬರುವ ನರ್ತಕನೊಬ್ಬನ ವಾದ ಹೀಗಿದೆ: ಒಂದೊಂದು ಚಲನೆಗೂ ಒಂದು ಗುರುತ್ವ ಕೇಂದ್ರವಿದೆ, ಅದನ್ನು ಸರಿಯಾಗಿ ನಡೆಸಿದರೆ ಸಾಕು, ಕೈಕಾಲುಗಳು ಲೋಲಕದಂತೆ ತಾವೇ ಹಿಂಬಾಲಿಸುತ್ತವೆ. ಇನ್ನೂರು ವರ್ಷ ದಾಟಿದರೂ ಈ ಮಾತು ಹಳತಾಗಿಲ್ಲ. ಗೊಂಬೆ ಕಟ್ಟುವವರು ಇದನ್ನು ಕೈಯಲ್ಲಿ ಅನುಭವಿಸಿಯೇ ತಿಳಿಯಬೇಕು.

ನಮ್ಮ ನಾಡಿನಲ್ಲಿ ಇದನ್ನು ಬಹಳ ಹಿಂದೆಯೇ ಬಲ್ಲವರಿದ್ದರು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದ ಹೆಸರು ನೀವು ಕೇಳಿರುತ್ತೀರಿ. ದೇವಣ್ಣ ಪದ್ಮನಾಭ ಕಾಮತರು, ಅವರ ಮಗ ಕೊಗ್ಗ ಕಾಮತರು, ಮೊಮ್ಮಗ ಭಾಸ್ಕರ ಕೊಗ್ಗ ಕಾಮತರು, ಹೀಗೆ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ಆಟ ಅದು. ಸುಮಾರು ಒಂದೂವರೆ ಅಡಿಯ ಮರದ ಗೊಂಬೆ, ಅದಕ್ಕೆ ಬಡಗುತಿಟ್ಟಿನ ವೇಷಭೂಷಣ. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಐದರಿಂದ ಏಳು ದಾರ. ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತ ಆ ಗೊಂಬೆ ಪ್ರವೇಶ ಮಾಡಿದಾಗ ಅದರ ಅಳತೆ ನಮಗೆ ಮರೆತೇ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಆಳೆತ್ತರದ ವೇಷಧಾರಿಯೇ ಕಾಣತೊಡಗುತ್ತಾನೆ.

ದಕ್ಷಿಣ ಕರ್ನಾಟಕದ ಬಯಲುಸೀಮೆಯ ರೀತಿ ಬೇರೆ. ಅಲ್ಲಿ ದೊಡ್ಡ ಗೊಂಬೆ. ಆಡಿಸುವವರು ತಲೆಗೆ ಒಂದು ಸಿಂಬಿ ಇಟ್ಟುಕೊಂಡು ಗೊಂಬೆಯ ದಾರಗಳನ್ನು ಅದಕ್ಕೇ ಕಟ್ಟುತ್ತಾರೆ. ಗೊಂಬೆಯ ಭಾರವನ್ನೆಲ್ಲ ಅವರ ತಲೆ, ಕತ್ತು ಹೊರುತ್ತವೆ. ಎರಡೂ ಕೈ ಬಿಡುವಾಗುವುದರಿಂದ ಆ ಕೈಗಳಲ್ಲಿ ಸಲಾಕಿ ಹಿಡಿದು ಗೊಂಬೆಯ ಕೈಗಳನ್ನು ಆಡಿಸುತ್ತಾರೆ. ಆಡಿಸುವವರು ತಲೆ ಬಾಗಿಸಿದರೆ ಗೊಂಬೆಯೂ ಬಾಗುತ್ತದೆ, ಅವರು ಹೆಜ್ಜೆ ಹಾಕಿದರೆ ಗೊಂಬೆಯ ಮೈಯೂ ತೂಗುತ್ತದೆ. ಎಂ.ಆರ್. ರಂಗನಾಥ ರಾಯರು ಈ ಪರಂಪರೆಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿ ಶಿಷ್ಯರನ್ನು ತಯಾರು ಮಾಡಿದರು. ಮನುಷ್ಯನ ಮೈಯೇ ಗೊಂಬೆಯ ಹಿಡಿಕೆಯಾಗುವ ಇಂಥ ಜಾಣತನವನ್ನು ನಾನು ಬೇರೆ ಯಾವ ಆಟದಲ್ಲೂ ಇಷ್ಟು ಚೆಲುವಾಗಿ ಕಂಡಿಲ್ಲ.

ಇವೆರಡನ್ನೂ ನೋಡಿ, ಮನಸಾರೆ ಮೆಚ್ಚಿ. ಆದರೆ ಮೊದಲ ಗೊಂಬೆಗೆ ಇವೆರಡನ್ನೂ ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಹೊಸಬರು ಮೊದಲ ದಿನವೇ ಏಳು ದಾರದ ಗೊಂಬೆಗೆ ಕೈ ಹಾಕುತ್ತಾರೆ. ಗಂಟು ಬಿಡಿಸುವುದರಲ್ಲೇ ಉತ್ಸಾಹವೆಲ್ಲ ಬತ್ತಿಹೋಗುತ್ತದೆ. ಮೊದಲ ಗೊಂಬೆಗೆ ರಾಜಸ್ಥಾನದ ಕಠಪುತಲಿಯನ್ನು ಗುರು ಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಅದಕ್ಕೆ ಕಾಲೇ ಇಲ್ಲ. ನೆಲ ಮುಟ್ಟುವ ಉದ್ದನೆಯ ಲಂಗ ಇದೆ. ತಲೆಯೂ ಎದೆಯೂ ಒಂದೇ ಮರದ ತುಂಡಿನಲ್ಲಿ ಆಗಿಬಿಡುತ್ತವೆ. ಹಿಡಿಕೆ ಕೂಡ ಇಲ್ಲ, ದಾರವನ್ನು ಬೆರಳುಗಳಿಗೇ ಸುತ್ತಿಕೊಳ್ಳುತ್ತಾರೆ. ಅಷ್ಟರಲ್ಲೇ ಅದು ಬಾಗುತ್ತದೆ, ಗಿರಗಿರನೆ ತಿರುಗುತ್ತದೆ, ನಾಚುತ್ತದೆ, ಸಿಟ್ಟಾಗುತ್ತದೆ.

ಮನೆಯಲ್ಲಿ ಅಂಥದೊಂದನ್ನು ಮಾಡುವುದು ಸುಲಭ. ಹಳೆಯ ಪತ್ರಿಕೆಗಳನ್ನು ಹರಿದು ನೀರಿನಲ್ಲಿ ನೆನೆಸಿಡಿ. ಜೊತೆಗೆ ಒಂದು ಹಿಡಿ ಮೆಂತ್ಯವನ್ನೂ ನೆನೆಹಾಕಿ, ಎರಡನ್ನೂ ನುಣ್ಣಗೆ ರುಬ್ಬಿ. ನಮ್ಮ ಹಿರಿಯ ಹೆಂಗಸರು ಕಾಗದದ ಬುಟ್ಟಿ ಮಾಡಲು, ಬಿದಿರಿನ ಮೊರಕ್ಕೆ ಬಳಿಯಲು ಬಳಸುತ್ತಿದ್ದ ಕಲಸು ಇದೇ. ಮೆಂತ್ಯದ ಅಂಟು ಗಟ್ಟಿ ಹಿಡಿಯುತ್ತದೆ, ಅದರ ಕಹಿಗೆ ಹುಳು ಹತ್ತಿರ ಸುಳಿಯುವುದಿಲ್ಲ. ಕಾಗದದ ಒಂದು ಉಂಡೆಯನ್ನು ಕಡ್ಡಿಗೆ ಸಿಕ್ಕಿಸಿ, ಅದರ ಮೇಲೆ ಈ ಕಲಸನ್ನು ಮೆತ್ತಿ ಮುಖ ತಿದ್ದಿ. ನೆರಳಿನಲ್ಲಿ ನಿಧಾನ ಒಣಗಲಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಮೈಗೆ ಹತ್ತಿ ತುಂಬಿದ ಬಟ್ಟೆ ಸಾಕು. ಅದರ ತಳದಲ್ಲಿ ಮಾತ್ರ ಮರಳಿನ ಪುಟ್ಟ ಗಂಟೊಂದನ್ನು ಇಟ್ಟು ಹೊಲಿಯಿರಿ. ತೋಳು ಬಟ್ಟೆಯದು, ಅಂಗೈ ಮರದ್ದು. ಲಂಗಕ್ಕೆ ಜರಿ ಅಂಚಿನ ಹಳೆ ಸೀರೆ ಸಿಕ್ಕರೆ ಬಿಡಬೇಡಿ. ಅಂಚಿನ ಭಾರಕ್ಕೆ ಲಂಗ ಚೆನ್ನಾಗಿ ಇಳಿಬೀಳುತ್ತದೆ, ತಿರುಗಿದಾಗ ಅರಳುತ್ತದೆ. ನೆತ್ತಿಯಿಂದ ಸೊಂಟದ ಹಿಂಭಾಗಕ್ಕೆ ಒಂದು ದಾರ, ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಮತ್ತೊಂದು. ಇಷ್ಟೇ. ಈ ಎರಡು ದಾರದ ಗೊಂಬೆಯಿಂದ ನೋಡುವವರಿಗೆ ಒಂದು ನಮಸ್ಕಾರ ಮಾಡಿಸಿ, ಅವರು ತಿರುಗಿ ಕೈ ಮುಗಿಯುವಂತಾದರೆ ಎರಡನೆಯ ಗೊಂಬೆ ಕಟ್ಟಲು ನೀವು ಸಿದ್ಧರಾದಿರಿ.

ಎರಡನೆಯದು ಕಾಲಿರುವ ಗೊಂಬೆ. ಒಂದೂವರೆ ಅಡಿ ಎತ್ತರ ಹೊಸ ಕೈಗೆ ಅನುಕೂಲ. ಅದಕ್ಕಿಂತ ಚಿಕ್ಕದಾದರೆ ತೂಕ ಸಾಲದೆ ಚಿಮ್ಮುತ್ತದೆ, ದೊಡ್ಡದಾದರೆ ತೋಳು ಸೋಲುತ್ತದೆ. ಮೊದಲು ದೊಡ್ಡ ಕಾಗದದ ಮೇಲೆ ಗೊಂಬೆಯ ನಿಜವಾದ ಅಳತೆಯಲ್ಲೇ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಬರೆದುಕೊಳ್ಳಿ. ಮನುಷ್ಯನ ಅಳತೆಯನ್ನು ಹಾಗೇ ಇಳಿಸಬೇಡಿ. ತಲೆ ಸ್ವಲ್ಪ ದೊಡ್ಡದಿರಲಿ, ಮೈಯ ಐದನೆಯ ಒಂದು ಭಾಗದಷ್ಟು. ಅಂಗೈ, ಪಾದಗಳೂ ದೊಡ್ಡವೇ ಇರಲಿ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಕಾಣಬೇಕಾದವು ಅವೇ.

ಮರ ಹಗುರವಾಗಿರಬೇಕು, ಕೆತ್ತುವಾಗ ಸೀಳಬಾರದು. ಶಿವನೆ, ಹಾಲವಾಣ, ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ, ಇವುಗಳಲ್ಲಿ ನಿಮ್ಮ ಊರಿನಲ್ಲಿ ಸಿಗುವುದು ಯಾವುದಾದರೂ ಸರಿ. ಚೆನ್ನಾಗಿ ಒಣಗಿದ್ದೇ ಬೇಕು. ಹಸಿ ಮರದಲ್ಲಿ ಕೂಡಿಸಿದ ಕೀಲು ಬೇಸಿಗೆಯಲ್ಲಿ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಬಿಗಿದುಕೊಳ್ಳುತ್ತದೆ. ಕೆತ್ತುವ ಅಭ್ಯಾಸ ಇಲ್ಲದವರು ತಲೆಯನ್ನು ಕಾಗದದ ಕಲಸಿನಲ್ಲೇ ಮಾಡಿ, ಮೈ, ಕೈಕಾಲುಗಳಿಗೆ ಮಾತ್ರ ಮರ ಬಳಸಬಹುದು. ಅದರಲ್ಲಿ ಕೊರತೆಯೇನೂ ಇಲ್ಲ.

ಮುಖದ ಬಗ್ಗೆ ಒಂದು ಮಾತು. ನಗುವ ಮುಖ ಕೆತ್ತಿದರೆ ಅದು ಅಳುವ ದೃಶ್ಯದಲ್ಲೂ ನಗುತ್ತಲೇ ಇರುತ್ತದೆ. ಯಾವ ಭಾವವನ್ನೂ ಪೂರ್ತಿ ಹೇಳದ ಮುಖ ಬೇಕು. ಹುಬ್ಬಿನ ಕೆಳಗೆ ಆಳ, ಮೂಗಿಗೆ ಉಬ್ಬು, ಕಣ್ಣಿಗೆ ದೊಡ್ಡ ಗೆರೆ ಇರಲಿ. ಆಗ ತಲೆ ಒಂದಿಷ್ಟು ಬಾಗಿದರೆ ಹುಬ್ಬಿನ ನೆರಳು ಬಿದ್ದು ದುಃಖ ಕಾಣುತ್ತದೆ, ಮೇಲೆತ್ತಿದರೆ ಬೆಳಕು ಬಿದ್ದು ಹಿಗ್ಗು ಕಾಣುತ್ತದೆ. ಹೊಳಪಿನ ಬಣ್ಣ ಬಳಿಯಬೇಡಿ. ದೀಪದ ಬೆಳಕಿಗೆ ಅದು ಮಿರಮಿರ ಮಿಂಚಿ ಮುಖವನ್ನೇ ಅಳಿಸಿಬಿಡುತ್ತದೆ.

ಈಗ ಕೀಲು. ಗೊಂಬೆ ಕಟ್ಟುವುದರಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದು. ಮುಂಡವನ್ನು ಎರಡು ತುಂಡಾಗಿ ಮಾಡಿ, ಎದೆ ಒಂದು, ಸೊಂಟ ಒಂದು. ನಡುವೆ ಗಟ್ಟಿ ಬಟ್ಟೆಯನ್ನೋ ಚರ್ಮದ ಪಟ್ಟಿಯನ್ನೋ ಹಾಕಿ ಸೇರಿಸಿ. ಒಂದೇ ತುಂಡಿನ ಮುಂಡವಿದ್ದರೆ ಗೊಂಬೆಗೆ ಬಳುಕು ಬರುವುದಿಲ್ಲ. ಮೊಣಕಾಲಿಗೆ ತೊಡೆಯ ತುದಿಯಲ್ಲಿ ಒಂದು ಸೀಳು, ಕೆಳಗಾಲಿನ ಮೇಲ್ತುದಿಯಲ್ಲಿ ಅದರೊಳಗೆ ಕೂರುವ ಒಂದು ನಾಲಗೆ, ಅಡ್ಡಕ್ಕೆ ಒಂದು ಮೊಳೆ. ಕಾಲು ಹಿಂದಕ್ಕೆ ಮಾತ್ರ ಮಡಚುವಂತೆ, ಮುಂದಕ್ಕೆ ಬಂದಾಗ ಮರಕ್ಕೆ ಮರ ತಾಗಿ ನಿಲ್ಲುವಂತೆ ಕತ್ತರಿಸಿಕೊಳ್ಳಿ. ಮೊಣಕಾಲು ಎರಡೂ ಕಡೆಗೆ ಮಡಚಿಕೊಂಡರೆ ಆ ಗೊಂಬೆ ನಡೆಯಲಾರದು, ಯಾವ ದಾರವೂ ಅದನ್ನು ಸರಿಪಡಿಸಲಾರದು. ತೋಳಿಗೆ ಭುಜದಿಂದ ಮೊಣಕೈವರೆಗೆ ಬಟ್ಟೆಯ ಕೊಳವೆಯೇ ಸಾಕು. ಕೀಲುಗಳೆಲ್ಲ ಆದ ಮೇಲೆ ಗೊಂಬೆಯ ಭುಜ ಹಿಡಿದು ಎತ್ತಿ ಮೆಲ್ಲಗೆ ಅಲುಗಿಸಿ. ಎಲ್ಲಿಯೂ ಸದ್ದಿಲ್ಲದೆ, ಸಿಕ್ಕಿಹಾಕಿಕೊಳ್ಳದೆ, ಪ್ರತಿ ಅಂಗವೂ ತೂಗಿ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಉಜ್ಜು ಕಾಗದ ಹಿಡಿದು ಮತ್ತೆ ಕುಳಿತುಕೊಳ್ಳಿ. ದಾರ ಕಟ್ಟುವ ಆತುರ ಬೇಡ.

ತೂಕ ಎಲ್ಲಿರಬೇಕು? ಸೊಂಟದಲ್ಲಿ ಮತ್ತು ಪಾದದಲ್ಲಿ. ಎದೆ ಹಗುರ, ಅಂಗೈಗೆ ತುಸು ಭಾರ. ಪಾದ ಹಗುರವಾದರೆ ಹೆಜ್ಜೆ ನೆಲಕ್ಕೆ ಇಳಿಯುವುದಿಲ್ಲ. ಸೊಂಟ ಹಗುರವಾದರೆ ಗೊಂಬೆ ಕೂರಲಾರದು. ಪಾದದಡಿ ಗುಳಿ ತೋಡಿ ಕಬ್ಬಿಣದ ನಟ್ಟುಗಳನ್ನು ಕೂರಿಸಿ ಮುಚ್ಚಬಹುದು. ಮೀನುಬಲೆಗೆ ಕಟ್ಟುವ ಸೀಸದ ಗುಂಡು ಚಿಕ್ಕದಾಗಿದ್ದು ಹೆಚ್ಚು ತೂಗುತ್ತದೆ ನಿಜ, ಆದರೆ ಸೀಸ ವಿಷ. ಮಕ್ಕಳ ಕೈಗೆ ಸಿಗುವ ಗೊಂಬೆಗೆ ಅದು ಸಲ್ಲದು. ಬಟ್ಟೆ ತೊಡಿಸುವ ಮುಂಚೆಯೇ ಈ ತೂಕದ ಲೆಕ್ಕ ಮುಗಿಯಬೇಕು. ಬಟ್ಟೆಯೂ ಕೀಲಿಗೆ ಅಡ್ಡ ಬರಬಾರದು. ಮೊಣಕೈ, ಮೊಣಕಾಲಿನ ಹತ್ತಿರ ಸಡಿಲವಾಗಿ ಹೊಲಿಯಿರಿ.

ಹಿಡಿಕೆಗೆ ಒಂದು ಗೇಣಿಗಿಂತ ಸ್ವಲ್ಪ ಉದ್ದದ ಮರದ ಪಟ್ಟಿ, ಅದಕ್ಕೆ ಅಡ್ಡಲಾಗಿ ಇನ್ನೊಂದು ಪಟ್ಟಿ. ಅಡ್ಡಪಟ್ಟಿಯ ಎರಡು ತುದಿಯಿಂದ ಗೊಂಬೆಯ ಎರಡು ಕಿವಿಗೆ ದಾರ. ಉದ್ದಪಟ್ಟಿಯ ನಡುವಿನಿಂದ ಎರಡು ಭುಜಕ್ಕೆ, ಹಿಂದಿನ ತುದಿಯಿಂದ ಸೊಂಟದ ಹಿಂಭಾಗಕ್ಕೆ. ಮುಂದಿನ ತುದಿಯಲ್ಲಿ ಒಂದು ಬಳೆಕೊಂಡಿ ಹಾಕಿ, ಅದರ ಮೂಲಕ ಒಂದೇ ದಾರವನ್ನು ತೂರಿಸಿ ಎರಡು ಅಂಗೈಗೂ ಕಟ್ಟಿ. ಒಂದು ಕಡೆ ಎಳೆದರೆ ಒಂದು ಕೈ, ಎರಡೂ ಸೇರಿಸಿ ಎಳೆದರೆ ಎರಡೂ ಕೈ ಏಳುತ್ತವೆ. ಮೊಣಕಾಲಿನ ಎರಡು ದಾರಗಳಿಗೆ ಬೇರೆಯದೇ ಒಂದು ಪಟ್ಟಿ; ಅದನ್ನು ಹಿಡಿಕೆಯ ಮುಂದಿನ ಗೂಟಕ್ಕೆ ಸಿಕ್ಕಿಸಿಡಬೇಕು, ನಡೆಸುವಾಗ ತೆಗೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಐರೋಪ್ಯ ಗೊಂಬೆಯಾಟದವರು ಮೊದಲಿಗೆ ಕಲಿಸುವ ಏರ್ಪಾಡು ಹೆಚ್ಚುಕಡಿಮೆ ಇದೇ.

ದಾರ ಕಟ್ಟುವಾಗ ಹಿಡಿಕೆಯನ್ನು ನಿಮ್ಮ ಮೊಣಕೈ ಎತ್ತರಕ್ಕೆ ಎಲ್ಲಾದರೂ ತೂಗುಹಾಕಿ. ಅದು ನೆಲದಿಂದ ಸುಮಾರು 40 ಅಂಗುಲ ಇದ್ದರೆ, 18 ಅಂಗುಲದ ಗೊಂಬೆಯ ತಲೆಗೆ ಹೋಗುವ ದಾರ ಸುಮಾರು 2 ಅಡಿ ಬರುತ್ತದೆ. ಮೊದಲು ಭುಜದ ದಾರ ಕಟ್ಟಿ, ಪಾದ ಎರಡೂ ನೆಲಕ್ಕೆ ಸಮನಾಗಿ ತಾಗುವಂತೆ. ಮೈಯ ಭಾರ ಹೊರುವುದು ಅವೇ. ಆಮೇಲೆ ತಲೆ, ಬೆನ್ನು, ಕೈ, ಕೊನೆಗೆ ಮೊಣಕಾಲು. ಮೊದಲ ಸಲ ಜಾರುಗಂಟು ಹಾಕಿ, ಆಡಿಸಿ ನೋಡಿ, ಸರಿಯೆನಿಸಿದ ಮೇಲೆ ಗಂಟು ಬಿಗಿದು ಒಂದು ತೊಟ್ಟು ಅಂಟು ಹಾಕಿ. ಮೇಣ ಉಜ್ಜಿದ ಕಪ್ಪು ಹತ್ತಿ ದಾರವಾಗಲಿ, ಹೆಣೆದ ಕಪ್ಪು ಮೀನುಗಾಳದ ದಾರವಾಗಲಿ ಒಳ್ಳೆಯದು. ಹೊಳೆಯುವ ನೈಲಾನ್ ಎಳೆ ದೀಪಕ್ಕೆ ಮಿಂಚುತ್ತದೆ, ಸುರುಳಿಯ ನೆನಪನ್ನೂ ಬಿಡುವುದಿಲ್ಲ. ಇನ್ನೊಂದು ವಿಷಯ. ದಾರ ಉದ್ದವಾದಷ್ಟೂ ಗೊಂಬೆ ನಿಧಾನವಾಗಿ ತೂಗುತ್ತದೆ, ಗಿಡ್ಡವಾದಷ್ಟೂ ಚುರುಕಾಗುತ್ತದೆ. ರಾಜನಿಗೂ ಕೋಡಂಗಿಗೂ ಒಂದೇ ಉದ್ದದ ದಾರ ಕಟ್ಟಬೇಕಾಗಿಲ್ಲ.

ಗೊಂಬೆ ಸಿದ್ಧವಾಯಿತು. ಈಗ ಎಲ್ಲರೂ ಕುಣಿಸಲು ಹೊರಡುತ್ತಾರೆ. ದಯವಿಟ್ಟು ಮೊದಲು ನಿಲ್ಲಿಸುವುದನ್ನು ಕಲಿಯಿರಿ. ಕನ್ನಡಿಯ ಮುಂದೆ ನಿಂತು, ಗೊಂಬೆಯ ಎರಡೂ ಪಾದ ನೆಲಕ್ಕೆ ಊರಿ, ದಾರ ಬಿಗಿಯಾಗಿಯೂ ಇರದೆ ಸಡಿಲವಾಗಿಯೂ ಇರದೆ, ಮೊಣಕಾಲು ಕುಸಿಯದೆ, ಪಾದ ಗಾಳಿಯಲ್ಲಿ ತೇಲದೆ ಅದು ನಿಲ್ಲಬೇಕು. ತೋಳು ದಣಿದಾಗ ಗೊಂಬೆ ನಮಗೆ ಗೊತ್ತಿಲ್ಲದೆ ಕೂರತೊಡಗುತ್ತದೆ. ಹಿಡಿಕೆಯನ್ನು ನೋಡಬೇಡಿ, ಗೊಂಬೆಯ ಪಾದವನ್ನು ನೋಡಿ. ಆಕಾಶವಾಣಿಯಲ್ಲಿ ಒಂದು ಹಾಡು ಬರುತ್ತಿರುವಾಗ, ಗೊಂಬೆ ಅದನ್ನು ಕೇಳುತ್ತ ನಿಂತಿರುವಂತೆ ಮಾಡಿ. ಪಲ್ಲವಿ ಬಂದಾಗ ತಲೆ ಒಂದು ಎಳೆಯಷ್ಟು ತಿರುಗಲಿ, ಸಾಕು. ಹಾಡು ಮುಗಿಯುವವರೆಗೆ ಗೊಂಬೆ ಕೇಳುತ್ತಿದೆ ಎಂದು ನೋಡುವವರಿಗೆ ಅನ್ನಿಸಿದರೆ ನೀವು ಅದಕ್ಕೆ ಉಸಿರು ಕೊಟ್ಟಿದ್ದೀರಿ.

ಕೂತು ಏಳುವುದು ಮುಂದಿನ ಪಾಠ. ನಾವು ಕುರ್ಚಿಯಿಂದ ಏಳುವಾಗ ತಲೆ ಮೊದಲು ಮುಂದಕ್ಕೆ ಬರುತ್ತದೆ, ಆಮೇಲೆ ಮೈ ಏಳುತ್ತದೆ. ಗೊಂಬೆಯನ್ನು ನೆಟ್ಟಗೆ ಮೇಲೆತ್ತಿದರೆ ಅದು ಎದ್ದಂತೆ ಕಾಣುವುದಿಲ್ಲ, ಯಾರೋ ಎತ್ತಿದಂತೆ ಕಾಣುತ್ತದೆ. ಹಿಡಿಕೆಯ ಮುಂಭಾಗ ತಗ್ಗಿಸಿ, ಬೆನ್ನಿನ ದಾರ ಭಾರ ಹಿಡಿದ ಮೇಲೆ ಏಳಿಸಿ. ನಡಿಗೆಗೆ ಕಾಲಿನ ಪಟ್ಟಿಯನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಬೇಕು, ಹಿಡಿಕೆ ಅದೇ ಲೆಕ್ಕದಲ್ಲಿ ಮುಂದೆ ಸಾಗಬೇಕು. ಕಾಲು ಓಲಾಡುವ ವೇಗವೂ ಮೈ ಸಾಗುವ ವೇಗವೂ ಹೊಂದದಿದ್ದರೆ ಗೊಂಬೆ ಜಾರುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮದ್ದಳೆ ಗೊತ್ತಿರುವವರು ಯಾರಾದರೂ ಜೊತೆಗಿದ್ದರೆ ಕೆಲಸ ಬೇಗ ಕೂಡಿಬರುತ್ತದೆ. ಯಕ್ಷಗಾನದ ಗೊಂಬೆಗಳ ಹೆಜ್ಜೆ ಅಷ್ಟು ಖಚಿತವಾಗಿರುವುದು ತಾಳ ಅವುಗಳ ಬೆನ್ನಿಗಿರುವುದರಿಂದ.

ಎರಡು ಗೊಂಬೆಗಳು ಮಾತಾಡುವಾಗ, ಮಾತಾಡುವ ಗೊಂಬೆ ಮಾತ್ರ ಅಲುಗಲಿ, ಕೇಳುವುದು ಅದರ ಮುಖ ನೋಡುತ್ತ ನಿಲ್ಲಲಿ. ಎರಡೂ ಅಲುಗಿದರೆ ದನಿ ಯಾರದೆಂದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ. ಹೊಸಬರು ಕೈ ಒಬ್ಬರದು, ದನಿ ಇನ್ನೊಬ್ಬರದು ಎಂದು ಹಂಚಿಕೊಳ್ಳುವುದು ಜಾಣತನ.

ರಂಗಕ್ಕೆ ಹೆಚ್ಚಿನ ಖರ್ಚಿಲ್ಲ. ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿ ಕಪ್ಪು ಬಟ್ಟೆ ಇಳಿಬಿಟ್ಟರೆ ಅದು ಹಿಂಪರದೆ. ಅದರ ಹಿಂದೆ ನೀವು ನಿಲ್ಲುತ್ತೀರಿ, ಮುಂದೆ ಗೊಂಬೆ ಆಡುತ್ತದೆ. ನಿಮ್ಮ ಮುಖ, ಕೈ ಮರೆಯಾಗಲು ಮೇಲಿನಿಂದ ಇನ್ನೊಂದು ಬಟ್ಟೆ. ದೀಪ ಎರಡು ಪಕ್ಕದಿಂದ ಬರಲಿ.

ಕಥೆ ಆರಿಸುವಾಗ, ಮನುಷ್ಯ ನಟರಿಂದ ಆಗದ್ದು ಗೊಂಬೆಯಿಂದ ಏನಾದೀತು ಎಂದು ಯೋಚಿಸಿ. ಗೊಂಬೆಯಾಟದವರು ಲಂಕಾದಹನವನ್ನು ಅಷ್ಟು ಪ್ರೀತಿಯಿಂದ ಆಡುವುದು ಹನುಮಂತ ನಿಜವಾಗಿ ಹಾರಬಲ್ಲ ಎಂಬ ಕಾರಣಕ್ಕೂ ಹೌದು. ಮೊದಲ ಆಟಕ್ಕೆ ಪಂಚತಂತ್ರದ ಆಮೆ ಮತ್ತು ಹಂಸಗಳ ಕಥೆ ನನಗೆ ಬಹಳ ಇಷ್ಟ. ಎರಡು ಹಕ್ಕಿ, ಒಂದು ಕೋಲು, ಅದನ್ನು ಬಾಯಲ್ಲಿ ಕಚ್ಚಿ ತೂಗುವ ಆಮೆ. ಕಷ್ಟದ ನಡಿಗೆ ಇಲ್ಲ, ಹಾರಾಟವಿದೆ, ಕೊನೆಗೆ ಬೀಳುವುದಿದೆ. ಬೀಳುವುದನ್ನಂತೂ ತೂಕ ತಾನೇ ನೋಡಿಕೊಳ್ಳುತ್ತದೆ. ಹತ್ತು ನಿಮಿಷ ಮೀರದಂತೆ ಆಡಿ, ಮೊದಲು ಮನೆಯವರ ಮುಂದೆ, ಆಮೇಲೆ ನೆರೆಹೊರೆಯ ಮಕ್ಕಳ ಮುಂದೆ. ಮಕ್ಕಳು ಎಲ್ಲಿ ಮಾತು ಬಿಟ್ಟು ಸುಮ್ಮನಾದರು, ಎಲ್ಲಿ ಅತ್ತಿತ್ತ ನೋಡಿದರು ಎಂಬುದನ್ನು ಗಮನಿಸುವಂತೆ ಒಬ್ಬರಿಗೆ ಹೇಳಿಡಿ.

ಆಟ ಮುಗಿದ ಮೇಲೆ ದಾರಗಳನ್ನೆಲ್ಲ ಒಂದೇ ಹುರಿಯಾಗಿ ಸೇರಿಸಿ, ಹಿಡಿಕೆಗೆ ಸುತ್ತಿ, ಗೊಂಬೆಗೆ ಬಟ್ಟೆಯ ಗವಸು ಹಾಕಿ ಗೂಟಕ್ಕೆ ತೂಗುಬಿಡಿ. ನೆಲದ ಮೇಲೆ ಮಲಗಿಸಿಟ್ಟರೆ ಮಾರನೆಯ ದಿನ ಗಂಟು ಬಿಡಿಸುವುದೇ ಕೆಲಸವಾಗುತ್ತದೆ.

ಕೊನೆಯದಾಗಿ ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಊರಿನ ಸಂಘಗಳವರಿಗೆ ಒಂದು ಬಿನ್ನಹ. ನಾನು ಇಷ್ಟು ಹೊತ್ತು ಹೇಳಿದ್ದನ್ನು ಒಬ್ಬ ನುರಿತ ಕಲಾವಿದರ ಕೈ ಅರ್ಧ ಗಳಿಗೆಯಲ್ಲಿ ತೋರಿಸಿಬಿಡುತ್ತದೆ. ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ. ಅಂದು ನಿಮಗೆ ಹತ್ತಿರದ ಗೊಂಬೆಯಾಟದ ತಂಡವೊಂದನ್ನು ಕರೆಸಿ, ಅವರಿಗೆ ಸಲ್ಲಬೇಕಾದ ಸಂಭಾವನೆ ಕೊಟ್ಟು ಆಡಿಸಿ. ಆಟ ಮುಗಿದ ಮೇಲೆ ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದೊಯ್ಯಲು ಅವರ ಅಪ್ಪಣೆ ಕೇಳಿ. ಅವರು ಒಪ್ಪಿದರೆ ಪ್ರತಿ ಮಗುವಿನ ಕೈಗೂ ಒಂದು ನಿಮಿಷ ಹಿಡಿಕೆ ಸಿಗುವಂತೆ ನೋಡಿಕೊಳ್ಳಿ.